ಬಿಸಿಲು ಪುಕ್ಕಟೆ, ಉದ್ದಿಮೆಗೆ ಬೆಂಬಲ ಬೇಕು

ರಾಯಚೂರಿನ ಶಕ್ತಿನಗರಕ್ಕೆ ರೈಲಿನಲ್ಲಿ ಬಂದಿಳಿಯುವ ಕಲ್ಲಿದ್ದಲಿನಲ್ಲಿ ಒಂದು ಬೊಗಸೆಯೂ ಕರ್ನಾಟಕದ ನೆಲದ್ದಲ್ಲ. ತೆಲಂಗಾಣದ ಸಿಂಗರೇಣಿ, ಒಡಿಶಾ, ಮಹಾರಾಷ್ಟ್ರ ಎಂದು ನೂರಾರು ಕಿಲೋಮೀಟರ್ ದೂರದ ಗಣಿಗಳಿಂದ ಅದು ಬರಬೇಕು. 1985ರಲ್ಲಿ ಅಲ್ಲಿನ ಮೊದಲ ಘಟಕ ಶುರುವಾದಾಗಿನಿಂದ ಕಲ್ಲಿದ್ದಲಿಗೂ ಅದರ ಸಾಗಣೆಗೂ ನಾವು ತೆತ್ತ ಹಣದ ಬಹುಪಾಲು ರಾಜ್ಯದ ಗಡಿ ದಾಟಿ ಹೋಗಿದೆ. ಪೆಟ್ರೋಲು, ಡೀಸೆಲ್‌ಗೆ ಕೊಟ್ಟಿದ್ದರಲ್ಲಿ ದೊಡ್ಡ ಪಾಲು ದೇಶದ ಗಡಿಯನ್ನೇ ದಾಟಿದೆ.

2023ರಲ್ಲಿ ಮುಂಗಾರು ಕೈಕೊಟ್ಟಾಗ ಈ ಪರಾವಲಂಬನೆಯ ಬಿಸಿ ಎಲ್ಲರಿಗೂ ತಟ್ಟಿತು. ಜಲವಿದ್ಯುತ್ತಿನ ಜಲಾಶಯಗಳು ತುಂಬಲಿಲ್ಲ. ಮಳೆಯಿಲ್ಲದ ಹೊಲಗಳಲ್ಲಿ ಪಂಪ್‌ಸೆಟ್‌ಗಳು ಹೆಚ್ಚು ಹೊತ್ತು ಓಡಿದವು. ಬೇಡಿಕೆ ಏರಿತು, ಪೂರೈಕೆ ಕುಸಿಯಿತು. ಕೊನೆಗೆ ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಪ್ರಯೋಗಿಸಿ, ಇಲ್ಲಿನ ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ಹೊರಗೆ ಮಾರದೆ ರಾಜ್ಯಕ್ಕೇ ಕೊಡಬೇಕೆಂದು ಆದೇಶಿಸಬೇಕಾಯಿತು.

ಶುದ್ಧ ಇಂಧನದ ಮಾತು ಬಂದಾಗಲೆಲ್ಲ ನಾವು ಪರಿಸರದ ಬಗ್ಗೆ, ಹವಾಮಾನ ಬದಲಾವಣೆಯ ಬಗ್ಗೆ ಮಾತಾಡುತ್ತೇವೆ. ಅದು ಸರಿಯೇ. ಆದರೆ ಇದರಲ್ಲಿ ಹೊಟ್ಟೆಪಾಡಿನ ಪ್ರಶ್ನೆಯೂ ಇದೆ, ಅದು ಚರ್ಚೆಗೆ ಬರುವುದು ಕಡಿಮೆ. ಬಿಸಿಲು, ಗಾಳಿ, ಸಗಣಿ, ಕೃಷಿ ತ್ಯಾಜ್ಯ ಇವೆಲ್ಲ ಊರಿನಲ್ಲೇ ಸಿಗುವ ಇಂಧನಗಳು. ಇವನ್ನು ಶಕ್ತಿಯಾಗಿ ಬದಲಿಸುವ ಕೆಲಸವನ್ನು ಊರಿನವರೇ ಮಾಡಿದರೆ ದುಡ್ಡು ಊರಿನಲ್ಲೇ ತಿರುಗುತ್ತದೆ. ಹಾಗಾಗಬೇಕಾದರೆ ಶುದ್ಧ ಇಂಧನದ ಉದ್ದಿಮೆಗಳು, ಅದರಲ್ಲೂ ಸಣ್ಣ ಉದ್ದಿಮೆಗಳು, ಬೇರುಬಿಡಬೇಕು. ಅವುಗಳಿಗೆ ಬೇಕಿರುವ ಬೆಂಬಲ ಎಂಥದ್ದು ಎಂಬುದನ್ನು ಕರ್ನಾಟಕದ ಅನುಭವವೇ ನಮಗೆ ಚೆನ್ನಾಗಿ ಕಲಿಸಿದೆ.

ಶುದ್ಧ ಶಕ್ತಿಯೂ ಉದ್ದಿಮೆಯೂ ಕೈಹಿಡಿದು ನಡೆದದ್ದು ನಮ್ಮಲ್ಲಿ ಹೊಸದೇನೂ ಅಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡು 1902ರಲ್ಲಿ ಚಾಲನೆಗೊಂಡ ಶಿವನಸಮುದ್ರದ ಜಲವಿದ್ಯುತ್ ಕೇಂದ್ರದ ಮೊದಲ ಗಿರಾಕಿ ಕೋಲಾರದ ಚಿನ್ನದ ಗಣಿ. ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದ್ದು ಆಮೇಲೆ, 1905ರಲ್ಲಿ. ದುಡಿಮೆಗೆ ಶಕ್ತಿ ಮೊದಲು ಸಿಕ್ಕಿತು, ಆಮೇಲೆ ಬೆಳಕು ಹರಡಿತು. ಇವತ್ತಿನ ಯೋಜನೆಗಳನ್ನು ಹೆಣೆಯುವವರು ಈ ಕ್ರಮವನ್ನು ಗಮನಿಸಬೇಕು.

ಈಗಿನ ದೊಡ್ಡ ಬದಲಾವಣೆ ಬೆಲೆಯದು. 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ನಿನ ಮೊದಲ ಹರಾಜಿನಲ್ಲಿ ಸೌರ ವಿದ್ಯುತ್ತಿನ ಸರಾಸರಿ ದರ ಯೂನಿಟ್‌ಗೆ 12 ರೂಪಾಯಿ ದಾಟಿತ್ತು. ಹತ್ತೇ ವರ್ಷದಲ್ಲಿ, 2020ರ ಡಿಸೆಂಬರಿನ ಗುಜರಾತ್ ಹರಾಜಿನಲ್ಲಿ, ಅದು 1 ರೂಪಾಯಿ 99 ಪೈಸೆಗೆ ಇಳಿಯಿತು. ಸೌರಶಕ್ತಿ ದುಬಾರಿ ಎಂಬ ಹಳೆಯ ಆಕ್ಷೇಪಕ್ಕೆ ಈಗ ಆಧಾರವಿಲ್ಲ. ಪ್ರಶ್ನೆ ಇರುವುದು ಈ ಅಗ್ಗದ ಶಕ್ತಿಯ ಲಾಭ ಯಾರ ಕೈಗೆ ಸೇರುತ್ತದೆ ಎಂಬಲ್ಲಿ.

ಪಾವಗಡವನ್ನೇ ನೋಡಿ. ಬರಕ್ಕೆ ಹೆಸರಾದ ಆ ತಾಲ್ಲೂಕಿನಲ್ಲಿ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ‘ಶಕ್ತಿ ಸ್ಥಳ’ ಸೌರ ಪಾರ್ಕ್ ಎದ್ದಿದೆ. ಅಲ್ಲಿ ಸರ್ಕಾರ ರೈತರ ಜಮೀನನ್ನು ಕಿತ್ತುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆಯ ಷರತ್ತಿನೊಂದಿಗೆ ಗುತ್ತಿಗೆಗೆ ಪಡೆಯಿತು. ಮಾಲೀಕತ್ವ ರೈತರಲ್ಲೇ ಉಳಿಯಿತು. ಮಳೆ ನಂಬಿ ಶೇಂಗಾ ಬಿತ್ತಿ ಕೈಸುಟ್ಟುಕೊಳ್ಳುತ್ತಿದ್ದ ಕುಟುಂಬಗಳಿಗೆ ತಪ್ಪದೆ ಬರುವ ವರಮಾನವೊಂದು ಸಿಕ್ಕಿತು. ಭೂಸ್ವಾಧೀನದ ಕಹಿ ಕಥೆಗಳನ್ನೇ ಕೇಳಿದ್ದ ದೇಶಕ್ಕೆ ಇದು ಒಳ್ಳೆಯ ಮಾದರಿ, ಸಂಶಯವಿಲ್ಲ.

ಆದರೆ ಜಮೀನಿಲ್ಲದವರ ಪಾಲಿಗೆ ಇದೇ ಪಾರ್ಕು ಬೇರೆ ರೀತಿ ಕಂಡಿತು. ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆ ಹಣದಲ್ಲಿ ಪಾಲಿಲ್ಲ, ಕುರಿ ಮೇಯಿಸುವವರಿಗೆ ಬೇಲಿಯೊಳಗೆ ದಾರಿಯಿಲ್ಲ. ಪಾರ್ಕಿನೊಳಗೆ ಸಿಗುವ ಕೆಲಸ ಫಲಕ ತೊಳೆಯುವುದು, ಕಳೆ ಕೀಳುವುದು, ಕಾವಲು ಕಾಯುವುದು, ಇಷ್ಟೇ. ಫಲಕಗಳನ್ನು ಕೂರಿಸುವವರೆಗೆ ಬೇಕಾಗುವಷ್ಟು ಕೈಗಳು ಆಮೇಲೆ ಬೇಕಾಗುವುದಿಲ್ಲ. ಇದು ಒಂದು ಪಾರ್ಕಿನ ದೋಷವಲ್ಲ, ಆ ಗಾತ್ರದ ಸ್ಥಾವರಗಳ ಸ್ವಭಾವವೇ ಹಾಗೆ.

ಕೌನ್ಸಿಲ್ ಆನ್ ಎನರ್ಜಿ, ಎನ್ವಿರಾನ್‌ಮೆಂಟ್ ಅಂಡ್ ವಾಟರ್ ಮತ್ತು ನ್ಯಾಚುರಲ್ ರಿಸೋರ್ಸಸ್ ಡಿಫೆನ್ಸ್ ಕೌನ್ಸಿಲ್ (ಎನ್‌ಆರ್‌ಡಿಸಿ) ಸಂಸ್ಥೆಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಂಕಿಗಳಲ್ಲಿ ಹೇಳಿತು. ನೆಲದ ಮೇಲಿನ ದೊಡ್ಡ ಸ್ಥಾವರದಲ್ಲಿ ಪ್ರತಿ ಮೆಗಾವ್ಯಾಟ್‌ಗೆ ಹುಟ್ಟುವ ಉದ್ಯೋಗಕ್ಕಿಂತ ಚಾವಣಿ ಸೌರ ಘಟಕಗಳಲ್ಲಿ ಸುಮಾರು ಏಳು ಪಟ್ಟು ಹೆಚ್ಚು ಉದ್ಯೋಗ ಹುಟ್ಟುತ್ತದೆ. ಕಾರಣ ಸರಳ. ಸಾವಿರ ಚಾವಣಿ ಎಂದರೆ ಸಾವಿರ ಬಾರಿ ಮನೆಗೆ ಹೋಗಿ ಅಳತೆ ತೆಗೆಯಬೇಕು. ಪ್ರತಿ ಮನೆಗೂ ಬೇರೆ ಸ್ಟ್ಯಾಂಡನ್ನು ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಬೇಕು, ವೈರಿಂಗ್ ಎಳೆಯಬೇಕು, ವಿದ್ಯುತ್ ಪೂರೈಸುವ ಎಸ್ಕಾಂ ಕಚೇರಿಗೆ ಅಲೆದು, ಜಾಲಕ್ಕೆ ಕೊಟ್ಟ ಮತ್ತು ಜಾಲದಿಂದ ಪಡೆದ ವಿದ್ಯುತ್ತನ್ನು ಅಳೆಯುವ ನೆಟ್ ಮೀಟರ್ ಹಾಕಿಸಬೇಕು, ವರ್ಷದ ಮೇಲೆ ಇನ್ವರ್ಟರ್ ಕೈಕೊಟ್ಟರೆ ಓಡಿಬರಬೇಕು. ಇವೆಲ್ಲ ಐಟಿಐ ಓದಿದ ಹುಡುಗ ಹುಡುಗಿಯರು ತಮ್ಮ ತಾಲ್ಲೂಕು ಬಿಡದೆ ಮಾಡಬಹುದಾದ ಕೆಲಸಗಳು. ದೇಶದ ವಿದ್ಯುತ್ ಬೇಡಿಕೆ ನೀಗಲು ದೊಡ್ಡ ಪಾರ್ಕುಗಳೂ ಬೇಕು. ಬೆಳವಣಿಗೆಯ ಫಲ ಕೆಳಗಿನವರೆಗೂ ಹರಿಯಬೇಕಾದರೆ ಈ ಸಣ್ಣ ಉದ್ದಿಮೆಗಳು ಬೇಕೇ ಬೇಕು.

ಸಣ್ಣ ಉದ್ದಿಮೆಗಳ ದಾರಿ ತೋರಿದವರೂ ನಮ್ಮವರೇ. ಹರೀಶ್ ಹಂದೆ ಅವರು ನೆವಿಲ್ ವಿಲಿಯಮ್ಸ್ ಜೊತೆ 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಕಂಪನಿ ಕಟ್ಟಿದಾಗ, ಬಡವರು ಸೌರದೀಪ ಕೊಳ್ಳಲಾರರು, ಕೊಂಡರೂ ನಿಭಾಯಿಸಲಾರರು, ಇಂಥ ವ್ಯವಹಾರದಲ್ಲಿ ಕಂಪನಿ ಉಳಿಯದು ಎಂಬ ಮಾತುಗಳೇ ಎಲ್ಲೆಡೆ ಇದ್ದವು. ಆ ಮಾತುಗಳನ್ನು ಸುಳ್ಳಾಗಿಸಿದ್ದಕ್ಕೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಮಾಡಿದ್ದು ಎರಡು ಮುಖ್ಯ ಕೆಲಸ. ಒಂದು, ಗಿರಾಕಿಯ ಮನೆಗೆ ಬೇಗ ತಲುಪಬಲ್ಲ ದೂರದಲ್ಲಿ ಸೇವಾ ಕೇಂದ್ರ ತೆರೆದದ್ದು. ಇನ್ನೊಂದು, ಗ್ರಾಮೀಣ ಬ್ಯಾಂಕುಗಳ ಮ್ಯಾನೇಜರುಗಳನ್ನು ಒಪ್ಪಿಸಿ, ಗಿರಾಕಿಯ ಕೈಗೆ ದುಡ್ಡು ಬರುವ ಲಯಕ್ಕೆ ತಕ್ಕಂತೆ ಕಂತು ಹೊಂದಿಸಿದ್ದು. ತಳ್ಳುಗಾಡಿಯವನ ಕೈಗೆ ಕಾಸು ಬರುವುದು ದಿನವಹಿ, ಅಡಿಕೆ ಬೆಳೆಗಾರನಿಗೆ ಕೊಯ್ಲಿನ ನಂತರ, ಹೈನುಗಾರಿಕೆಯವರಿಗೆ ಡೇರಿಯ ಬಟವಾಡೆಯ ದಿನ. ತಿಂಗಳಿಗೆ ಮುನ್ನೂರು ರೂಪಾಯಿ ಭಾರವೆನ್ನುವವನು ದಿನಕ್ಕೆ ಹತ್ತು ರೂಪಾಯಿಯನ್ನು ಸಲೀಸಾಗಿ ಕಟ್ಟಬಲ್ಲ.

ಸಂಯುಕ್ತ ರಾಷ್ಟ್ರಗಳ ಪರಿಸರ ಕಾರ್ಯಕ್ರಮ 2003ರಲ್ಲಿ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ಕರ್ನಾಟಕ ಮತ್ತು ನೆರೆಯ ಕೇರಳದಲ್ಲಿ ನಡೆಸಿದ ಸೌರ ಸಾಲ ಯೋಜನೆಯದೂ ಇದೇ ಪಾಠ. ಅಲ್ಲಿ ಉಪಕರಣದ ಬೆಲೆಗೆ ಸಬ್ಸಿಡಿ ಕೊಡಲಿಲ್ಲ. ಬಡ್ಡಿಗೆ ಮಾತ್ರ ನೆರವು ಕೊಟ್ಟು, ಅದನ್ನೂ ಹಂತಹಂತವಾಗಿ ಕಡಿಮೆ ಮಾಡಿದರು. ನಾಲ್ಕೈದು ವರ್ಷಗಳಲ್ಲಿ ಸುಮಾರು 19 ಸಾವಿರ ಮನೆಗಳಿಗೆ ಸೌರದೀಪ ಬಂತು. ಅದಕ್ಕಿಂತ ದೊಡ್ಡ ಲಾಭವೆಂದರೆ ಸೌರ ಸಾಲ ವಾಪಸು ಬರುತ್ತದೆ ಎಂಬ ನಂಬಿಕೆ ಬ್ಯಾಂಕುಗಳಲ್ಲಿ ಹುಟ್ಟಿದ್ದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯು ಸ್ವಸಹಾಯ ಸಂಘಗಳ ಮೂಲಕ ಗೋಬರ್ ಗ್ಯಾಸ್, ಸೌರದೀಪ, ಸುಧಾರಿತ ಒಲೆಗಳಿಗೆ ಸಾಲ ಕೊಟ್ಟು ಇದೇ ದಾರಿಯನ್ನು ಇನ್ನಷ್ಟು ಅಗಲ ಮಾಡಿತು.

ಬೆಳಕಿನಿಂದ ಮುಂದಿನ ಹೆಜ್ಜೆ ದುಡಿಮೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿಯ ಉದಾಹರಣೆ ತೆಗೆದುಕೊಳ್ಳೋಣ. ಮನೆಯಲ್ಲೇ ರೊಟ್ಟಿ ಮಾಡಿ ಖಾನಾವಳಿಗೆ, ಅಂಗಡಿಗೆ, ಮದುವೆ ಮನೆಗೆ ಕೊಡುವ ಹೆಣ್ಣುಮಕ್ಕಳು ಅಲ್ಲಿ ಸಾವಿರಾರು. ಹಿಟ್ಟಿಗೆ ಕುದಿವ ನೀರಿನ ಎಸರು ಹಾಕಿ ನಾದಿ, ಬಿಸಿ ಆರುವುದರೊಳಗೆ ಬಡಿಯಬೇಕು. ಹಿಟ್ಟು ಆರಿದರೆ ಜಿಗುಟು ಹೋಗಿ ರೊಟ್ಟಿಯ ಅಂಚು ಒಡೆಯುತ್ತದೆ. ದಿನವಿಡೀ ಬಡಿದರೆ ಭುಜ, ಸೊಂಟ ಹಿಡಿದುಕೊಳ್ಳುತ್ತದೆ. ರೊಟ್ಟಿ ಲಟ್ಟಿಸುವ ಯಂತ್ರ ಬಂದ ಮೇಲೆ ಈ ಶ್ರಮ ತಗ್ಗಿತು. ಆದರೆ ನಾದಿಟ್ಟ ಹೊತ್ತಿಗೆ ಕರೆಂಟು ಹೋದರೆ ಅಷ್ಟೂ ಹಿಟ್ಟು ಹಾಳು. ಸೂರಿನ ಮೇಲೆ ಫಲಕ, ಮೂಲೆಯಲ್ಲೊಂದು ಬ್ಯಾಟರಿ, ಕಡಿಮೆ ವಿದ್ಯುತ್ತಿನಲ್ಲಿ ಓಡುವ ಮೋಟಾರು ಕೂಡಿದರೆ ಆ ಆತಂಕ ಇಲ್ಲವಾಗುತ್ತದೆ. ಕಲಬುರಗಿ ಜಿಲ್ಲಾಡಳಿತ ಸ್ವಸಹಾಯ ಸಂಘಗಳ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂಬ ಹೆಸರು ಕೊಟ್ಟು ಮಾರುಕಟ್ಟೆ ಕಟ್ಟಲು ಹೊರಟಿರುವ ಹೊತ್ತಿನಲ್ಲಿ ಇಂಥ ಯಂತ್ರಗಳಿಗೆ ಒಳ್ಳೆಯ ಅವಕಾಶವಿದೆ.

ಈಗ ಸಾಲದ ಲೆಕ್ಕ. ಯಂತ್ರ, ಫಲಕ, ಬ್ಯಾಟರಿ ಎಲ್ಲ ಸೇರಿ 80 ಸಾವಿರ ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಸಾಲ ಪಡೆಯುವವರೇ ಮೊದಲು ಹಾಕಬೇಕಾದ ಶೇ 15ರ ಮಾರ್ಜಿನ್ ಹಣ 12 ಸಾವಿರ. ಉಳಿದ 68 ಸಾವಿರಕ್ಕೆ ಶೇ 12ರ ಬಡ್ಡಿಯಲ್ಲಿ ಮೂರು ವರ್ಷದ ಸಾಲವಾದರೆ ತಿಂಗಳ ಕಂತು ಸುಮಾರು 2,250 ರೂಪಾಯಿ, ಐದು ವರ್ಷವಾದರೆ ಸುಮಾರು 1,500. ಅಂದರೆ ದಿನಕ್ಕೆ 50 ರೂಪಾಯಿ. ಒಂದು ರೊಟ್ಟಿಗೆ ಎರಡು ರೂಪಾಯಿ ಉಳಿದರೂ ದಿನಕ್ಕೆ 25 ರೊಟ್ಟಿ ಹೆಚ್ಚು ಮಾಡಿದರೆ ಕಂತು ಕಟ್ಟಿಯಾಯಿತು. ಎಡವುವುದು ಆ ಮೊದಲ 12 ಸಾವಿರದಲ್ಲಿ. ಕೈಯಲ್ಲಿ ಉಳಿತಾಯವಿಲ್ಲದ ಮನೆಗೆ ಅದೇ ದೊಡ್ಡ ಗೋಡೆ. ಸರ್ಕಾರದ ನೆರವು ಮಾರ್ಜಿನ್ ಹಣಕ್ಕೆ ಅಥವಾ ಸಾಲದ ಖಾತರಿಗೆ ಸಿಕ್ಕಿದರೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಮನೆಗಳು ಆ ಗೋಡೆ ದಾಟುತ್ತವೆ.

ಕಮ್ಮಾರನ ಕುಲುಮೆಯ ತಿದಿಗೆ, ಟೈಲರ್ ಮೆಷಿನ್ನಿಗೆ, ಹಾಲು ಕರೆಯುವ ಯಂತ್ರಕ್ಕೆ, ಹಿಟ್ಟಿನ ಗಿರಣಿಗೆ, ಹಳ್ಳಿಯ ಜೆರಾಕ್ಸ್ ಅಂಗಡಿಗೆ ಇದೇ ಲೆಕ್ಕ ಅನ್ವಯವಾಗುತ್ತದೆ. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ 2022ರ ಫೆಬ್ರುವರಿಯಲ್ಲಿ ಇಂಥ ಜೀವನೋಪಾಯದ ಸಾಧನಗಳಿಗಾಗಿಯೇ ಒಂದು ನೀತಿ ಚೌಕಟ್ಟು ಹೊರಡಿಸಿದೆ. ರಿಸರ್ವ್ ಬ್ಯಾಂಕ್ 2015ರಲ್ಲೇ ನವೀಕರಿಸಬಹುದಾದ ಇಂಧನವನ್ನು ಆದ್ಯತಾ ವಲಯದ ಸಾಲಕ್ಕೆ ಸೇರಿಸಿ, ಆಮೇಲೆ ಮಿತಿಯನ್ನೂ ಏರಿಸಿದೆ. ಕಾಗದದ ಮೇಲೆ ಬಾಗಿಲು ತೆರೆದಿದೆ. ಶಾಖೆಯ ಮಟ್ಟದಲ್ಲಿ ಅದು ಇನ್ನೂ ಪೂರ್ತಿ ತೆರೆದಿಲ್ಲ. ದೊಡ್ಡ ಸ್ಥಾವರಕ್ಕೆ ಕೊಟ್ಟ ಒಂದು ಸಾಲದಿಂದ ಗುರಿ ಮುಟ್ಟುವುದಾದರೆ, ರೊಟ್ಟಿ ಯಂತ್ರದ ನೂರು ಅರ್ಜಿಗಳನ್ನು ಪರಿಶೀಲಿಸುವ ಶ್ರಮವನ್ನು ಶಾಖೆ ಯಾಕೆ ತೆಗೆದುಕೊಳ್ಳಬೇಕು? ಆದ್ದರಿಂದ ಜಿಲ್ಲಾ ಸಾಲ ಯೋಜನೆಯಲ್ಲಿ ಇಂಥ ಸಣ್ಣ ಸಾಲಗಳಿಗೆ ಪ್ರತ್ಯೇಕ ಗುರಿ ನಿಗದಿಯಾಗಬೇಕು.

ಶುದ್ಧ ಇಂಧನವೆಂದರೆ ಸೌರ ಫಲಕ ಮಾತ್ರ ಎಂದೂ ತಿಳಿಯಬೇಕಾಗಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ, ಕಡಿಮೆ ಸೌದೆಯಲ್ಲಿ ಬೇಯಿಸುವ ‘ಅಸ್ತ್ರ ಒಲೆ’ಯನ್ನು ಕೊಟ್ಟಿತು. ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಗಣಿ ಅನಿಲದಿಂದ ಊರಿಗೆ ನೀರು, ಬೆಳಕು ಕೊಟ್ಟು ತೋರಿಸಿತು. ಬೆಂಗಳೂರಿನ ಟೈಡ್ ಸಂಸ್ಥೆ ಸುಧಾರಿತ ಒಲೆಯ ವಿಜ್ಞಾನವನ್ನು ಅಡಿಕೆ ಬೇಯಿಸುವಲ್ಲಿಗೆ, ಆಲೆಮನೆಗೆ, ರೇಷ್ಮೆ ನೂಲು ಬಿಚ್ಚಾಣಿಕೆಗೆ ಒಯ್ದಿತು. ಒಲೆ ಕಟ್ಟುವ ಕೌಶಲವನ್ನು ಸ್ಥಳೀಯರಿಗೆ ಕಲಿಸಿ ಅದನ್ನೇ ಅವರ ಕಸುಬಾಗಿಸಿತು. ಸೌದೆಯ ಖರ್ಚು ಇಳಿದಷ್ಟೂ ಮಾಲೀಕನ ಲಾಭ ಏರುತ್ತದೆ, ಕಾಡಿನ ಮೇಲಿನ ಹೊರೆ ಇಳಿಯುತ್ತದೆ, ಒಲೆ ಕಟ್ಟುವವನಿಗೆ ಕೆಲಸ ಸಿಗುತ್ತದೆ.

ಸರ್ಕಾರದ ಒಂದು ನಿಯಮ ಇಡೀ ಉದ್ಯಮವನ್ನೇ ಬೆಳೆಸಬಲ್ಲದು ಎಂಬುದಕ್ಕೆ ಬೆಂಗಳೂರಿನ ಮಾಳಿಗೆಗಳೇ ಸಾಕ್ಷಿ. 2007ರಿಂದ ಬೆಸ್ಕಾಂ ನಿರ್ದಿಷ್ಟ ಅಳತೆಗಿಂತ ದೊಡ್ಡ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು, ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆ ರಿಯಾಯಿತಿ ಕೊಟ್ಟಿತು. ಬೆಳಗಿನ ಹೊತ್ತು ಏಕಕಾಲಕ್ಕೆ ಚಾಲೂ ಆಗುತ್ತಿದ್ದ ಗೀಸರ್‌ಗಳ ಹೊರೆ ಇಳಿಸುವುದು ಅದರ ಉದ್ದೇಶ. ಜೊತೆಗೆ ಹೀಟರ್ ತಯಾರಿಸುವ ಕಾರ್ಖಾನೆಗಳು, ಡೀಲರುಗಳು, ಪ್ಲಂಬರುಗಳು, ರಿಪೇರಿಯವರು ಎಂದು ದೊಡ್ಡ ಉದ್ಯೋಗ ಜಾಲವೇ ಬೆಳೆಯಿತು. ವಿದ್ಯುತ್ ವಾಹನಗಳ ವಿಚಾರದಲ್ಲೂ ನಾವು ಹಿಂದೆ ಬಿದ್ದವರಲ್ಲ. 2001ರಲ್ಲಿ ‘ರೇವಾ’ ವಿದ್ಯುತ್ ಕಾರು ಬಂದದ್ದು ಇದೇ ನಗರದಿಂದ. 2017ರಲ್ಲಿ ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲೇ ಮೊದಲು ತಂದ ರಾಜ್ಯವೂ ಕರ್ನಾಟಕ.

ಇಷ್ಟೆಲ್ಲ ಇದ್ದರೂ ಸಣ್ಣ ಉದ್ದಿಮೆದಾರ ಸೋಲುವುದೇಕೆ? ಮೊದಲ ಕಾರಣ ಮೇಲಿಂದ ಮೇಲೆ ಬದಲಾಗುವ ನಿಯಮ. ಸೌರ ಉಪಕರಣಗಳ ಜಿಎಸ್‌ಟಿ 2021ರಲ್ಲಿ ಶೇ 5ರಿಂದ 12ಕ್ಕೆ ಏರಿತು, 2025ರ ಸೆಪ್ಟೆಂಬರಿನಲ್ಲಿ ಮತ್ತೆ 5ಕ್ಕೆ ಇಳಿಯಿತು. 2022ರ ಏಪ್ರಿಲ್‌ನಲ್ಲಿ ಆಮದು ಫಲಕಗಳ ಮೇಲೆ ಶೇ 40ರ ಸುಂಕ ಬಂತು. ದೇಶೀಯ ತಯಾರಿಕೆಗೆ ಒತ್ತು ಕೊಡುವ ಉದ್ದೇಶ ಸರಿಯೇ. ಆದರೆ ದರ ಒಪ್ಪಿಕೊಂಡು ಮುಂಗಡ ಪಡೆದ ಮೇಲೆ ಫಲಕದ ಬೆಲೆ ಏರಿದರೆ ದೊಡ್ಡ ಕಂಪನಿ ತಡೆದುಕೊಳ್ಳುತ್ತದೆ, ತಾಲ್ಲೂಕು ಕೇಂದ್ರದ ಅಂಗಡಿಯವನು ಮುಳುಗುತ್ತಾನೆ. ತೆರಿಗೆ ಬದಲಾವಣೆಯ ದಿನಾಂಕವನ್ನು ಸಾಕಷ್ಟು ಮುಂಚೆ ತಿಳಿಸಿದರೆ ಅಷ್ಟರಮಟ್ಟಿಗೆ ಅವನು ಬದುಕಿಕೊಳ್ಳುತ್ತಾನೆ.

ಎರಡನೆಯದು ಪಾವತಿಯ ವಿಳಂಬ. ಅತಿಸಣ್ಣ, ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಶಾಲೆ, ಆಸ್ಪತ್ರೆ, ಹಾಸ್ಟೆಲ್‌ಗಳಿಗೆ ಸೌರ ಘಟಕ ಹಾಕಿಸುವ ಇಲಾಖೆಗಳು ಮೊದಲು ಇದನ್ನು ಪಾಲಿಸಿ ಮಾದರಿಯಾಗಬೇಕು. ನೆಟ್ ಮೀಟರ್ ಅರ್ಜಿಗೂ ಹೀಗೆಯೇ ಕಾಲಮಿತಿ ಇರಬೇಕು, ತಡವಾದರೆ ಹೊಣೆ ಯಾರದೆಂಬುದು ಸ್ಪಷ್ಟವಾಗಿರಬೇಕು.

ಮೂರನೆಯದು ಸೂಕ್ಷ್ಮವಾದದ್ದು: ಉಚಿತ. ಬಾಂಗ್ಲಾದೇಶ 2003ರಿಂದ ಸಾಲ ಮತ್ತು ಸೇವೆಯನ್ನು ಜೋಡಿಸಿ 40 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಸೌರದೀಪ ಮುಟ್ಟಿಸಿತು. ಜಗತ್ತಿನ ದೊಡ್ಡ ಯಶಸ್ಸುಗಳಲ್ಲಿ ಅದೂ ಒಂದು. ಮುಂದೆ ಅಲ್ಲಿನ ಇನ್ನೊಂದು ಸರ್ಕಾರಿ ಕಾರ್ಯಕ್ರಮ ಅದೇ ಸಾಧನವನ್ನು ಪುಕ್ಕಟೆ ಹಂಚತೊಡಗಿತು, ವಿದ್ಯುತ್ ಜಾಲವೂ ಬೇಗ ಹರಡಿತು. ಕೊಳ್ಳುವವರು ಕಾದು ಕುಳಿತರು, ಕಂತು ಕಟ್ಟುವವರು ಹಿಂಜರಿದರು, ಮಾರಾಟ ಕುಸಿಯಿತು. ನಮ್ಮಲ್ಲಿ 2023ರಿಂದ ಗೃಹಜ್ಯೋತಿ ಯೋಜನೆಯಡಿ, 200 ಯೂನಿಟ್ ಮಿತಿಯೊಳಗೆ, ಮನೆಯ ಸರಾಸರಿ ಬಳಕೆಗೆ ತಕ್ಕಷ್ಟು ವಿದ್ಯುತ್ತಿಗೆ ಬಿಲ್ಲಿಲ್ಲ. ಬಡ ಕುಟುಂಬಕ್ಕೆ ಅದು ನಿಜವಾದ ಆಸರೆ, ಅದನ್ನು ಕಿತ್ತುಕೊಳ್ಳಿ ಎನ್ನುವುದು ನ್ಯಾಯವಲ್ಲ. ಆದರೆ ಬಿಲ್ಲೇ ಬಾರದ ಮನೆಯವರು ಚಾವಣಿಗೆ ಸ್ವಂತ ಹಣ ಹಾಕುವುದೂ ಇಲ್ಲ. ಆ ಸಹಾಯಧನದ ಒಂದು ಪಾಲನ್ನು ಅದೇ ಮನೆಗಳ ಚಾವಣಿಯಲ್ಲಿ ಸೌರ ಘಟಕ ಹಾಕಿಸಲು ತೊಡಗಿಸಿದರೆ ಕುಟುಂಬಕ್ಕೆ ಬೆಳಕು ಉಚಿತವಾಗಿಯೇ ಉಳಿಯುತ್ತದೆ, ಸರ್ಕಾರದ ಹೊರೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಊರಿನ ಹುಡುಗರಿಗೆ ಕೆಲಸ ಸಿಗುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗಳ ಉಚಿತ ವಿದ್ಯುತ್ತಿಗೂ ಇದೇ ಮಾತು. ಸಬ್‌ಸ್ಟೇಷನ್ ಬಳಿಯೇ ಸೌರ ಸ್ಥಾವರ ಕಟ್ಟಿ ರೈತರಿಗೆ ಹಗಲು ಹೊತ್ತು ವಿದ್ಯುತ್ ಕೊಡುವ ಕುಸುಮ್-ಸಿ ಯೋಜನೆ ಆ ದಿಕ್ಕಿನ ಸರಿಯಾದ ಹೆಜ್ಜೆ. ಅದಕ್ಕೆ ವೇಗ ಬೇಕು.

ಉದ್ದಿಮೆದಾರರಿಗೂ ಒಂದು ಮಾತು. ಕಳಪೆ ಬ್ಯಾಟರಿ ಮಾರಿ ಫೋನ್ ಎತ್ತದ ಒಬ್ಬ ವ್ಯಾಪಾರಿ ಇಡೀ ಊರಿನಲ್ಲಿ ಸೌರಶಕ್ತಿಯ ಹೆಸರು ಕೆಡಿಸುತ್ತಾನೆ. ಗುಣಮಟ್ಟವೂ ಮಾರಾಟದ ನಂತರದ ಸೇವೆಯೂ ಈ ಕ್ಷೇತ್ರದ ನಿಜವಾದ ಬಂಡವಾಳ.

ಇನ್ನು ನಾವು, ನೀವು. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್ ಘಟಕಕ್ಕೆ 30 ಸಾವಿರ, 2 ಕಿಲೋವ್ಯಾಟ್‌ಗೆ 60 ಸಾವಿರ, 3 ಮತ್ತು ಅದಕ್ಕೂ ಹೆಚ್ಚಿನದಕ್ಕೆ 78 ಸಾವಿರ ರೂಪಾಯಿ ಸಹಾಯಧನವಿದೆ, ಅಡಮಾನವಿಲ್ಲದ ಸಾಲವೂ ಇದೆ. 200 ಯೂನಿಟ್ ಮೀರಿ ಬಿಲ್ಲು ಕಟ್ಟುವ ಮನೆಯಾದರೆ ಇಂದೇ ಲೆಕ್ಕ ಹಾಕಿ ನೋಡಿ. ನಿಮ್ಮ ತಾಲ್ಲೂಕಿನಲ್ಲೇ ಇರುವ ನೋಂದಾಯಿತ ಉದ್ದಿಮೆದಾರರನ್ನು ಹುಡುಕಿ, ಐದು ವರ್ಷದ ನಿರ್ವಹಣೆಯ ಭರವಸೆಯನ್ನು ಬರಹದಲ್ಲಿ ಕೇಳಿ ಪಡೆಯಿರಿ. ನೀವು ಬ್ಯಾಂಕ್ ಮ್ಯಾನೇಜರಾಗಿದ್ದರೆ ರೊಟ್ಟಿ ಯಂತ್ರದ ಆ ಅರ್ಜಿಯನ್ನು ಈ ವಾರ ಕೈಗೆತ್ತಿಕೊಳ್ಳಿ. ಎಸ್ಕಾಂ ಎಂಜಿನಿಯರಾಗಿದ್ದರೆ ಬಾಕಿ ಉಳಿದ ನೆಟ್ ಮೀಟರ್ ಕಡತಕ್ಕೆ ಸಹಿ ಹಾಕಿ. ಗ್ರಾಮ ಪಂಚಾಯಿತಿ ಸದಸ್ಯರಾಗಿದ್ದರೆ ಮಾಡಿದ ಕೆಲಸದ ಬಿಲ್ಲು 45 ದಿನ ದಾಟದಂತೆ ನೋಡಿಕೊಳ್ಳಿ. ಈ ಉದ್ದಿಮೆಗಳು ಬೇಡುತ್ತಿರುವುದು ದಾನವನ್ನಲ್ಲ, ಸಕಾಲದಲ್ಲಿ ಸಾಲ ಮತ್ತು ಸಕಾಲದಲ್ಲಿ ಹಣ. ಅಷ್ಟು ಕೊಟ್ಟರೆ ಉಳಿದದ್ದನ್ನು ಅವು ದುಡಿದು ತೋರಿಸುತ್ತವೆ.